ಮಾತ್ರೆ ಸಿಕ್ಕಿತು, ಮಾತು ಸಿಗಲಿಲ್ಲ

‘ಮೂಳೆ ಸವೆದಿದೆಯಂತೆ, ಇನ್ನು ಬಗ್ಗಲೇಬಾರದಂತೆ.’ ಯಾವ ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತರೂ ಕಿವಿಗೆ ಬೀಳುವ ಮಾತು. ಸೊಂಟಕ್ಕೆ ಬೆಲ್ಟು, ಕಂಕುಳಲ್ಲಿ ಸ್ಕ್ಯಾನಿನ ದೊಡ್ಡ ಲಕೋಟೆ, ಚೀಲದ ತುಂಬ ಮಾತ್ರೆ. ನೋವು ಯಾಕೆ ಹೋಗುತ್ತಿಲ್ಲ ಎಂದು ಕೂರಿಸಿಕೊಂಡು ಹೇಳಿದವರು ಮಾತ್ರ ಯಾರೂ ಇಲ್ಲ.

ಸವೆತದ ವಿಷಯವನ್ನೇ ನೋಡಿ. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್ ಫಲಿತಾಂಶಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಇಪ್ಪತ್ತರ ಪ್ರಾಯದವರಲ್ಲೇ ಶೇ 37ರಷ್ಟು ಮಂದಿಗೆ ಬೆನ್ನುಮೂಳೆಯ ಡಿಸ್ಕ್ ಸವೆದಿತ್ತು. ಐವತ್ತರವರಲ್ಲಿ ಅದು ಶೇ 80. ತಲೆ ನರೆಯುವಂತೆ ಬೆನ್ನೂ ಸವೆಯುತ್ತದೆ. ಈ ಒಂದು ಸಂಗತಿಯನ್ನು ಹೇಳದೆ ವರದಿಯನ್ನಷ್ಟೇ ಕೈಗಿತ್ತರೆ, ರೋಗಿ ಮನೆಗೆ ಒಯ್ಯುವುದು ಹೆದರಿಕೆಯನ್ನು.

ಹೆದರಿಕೆಗೂ ನೋವಿಗೂ ನಂಟಿದೆ. ಬ್ರಿಟನ್ನಿನ ಕಟ್ಟಡ ಕಾರ್ಮಿಕನೊಬ್ಬ 15 ಸೆಂ.ಮೀ. ಮೊಳೆಯ ಮೇಲೆ ಜಿಗಿದು, ಅದು ಬೂಟು ತೂರಿ ಮೇಲೆ ಬಂದದ್ದನ್ನು ಕಂಡು ಒದ್ದಾಡಿಬಿಟ್ಟ. ಬಲವಾದ ನೋವುನಿವಾರಕ ಕೊಟ್ಟು ಬೂಟು ಬಿಚ್ಚಿದರೆ, ಮೊಳೆ ಬೆರಳುಗಳ ಸಂದಿಯಲ್ಲಿ ಹಾದುಹೋಗಿತ್ತು. ಪಾದಕ್ಕೆ ತರಚಿದ ಗಾಯವೂ ಇಲ್ಲ. 1995ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ದಾಖಲಾದ ಪ್ರಸಂಗವಿದು. ಆತ ನಟಿಸಲಿಲ್ಲ, ನೋವು ನಿಜವೇ ಆಗಿತ್ತು.

ಮೂರು ತಿಂಗಳು ಮೀರಿದ ನೋವನ್ನು ವೈದ್ಯರು ದೀರ್ಘಕಾಲಿಕ ನೋವು ಎನ್ನುತ್ತಾರೆ. ಇಂಥ ನೋವು ಅನೇಕರಲ್ಲಿ ನರವ್ಯೂಹವನ್ನೇ ಸೂಕ್ಷ್ಮವಾಗಿಸಿರುತ್ತದೆ. ಒಮ್ಮೆ ಕಳ್ಳ ನುಗ್ಗಿದ ಮನೆಯ ನಾಯಿ ಆಮೇಲೆ ಎಲೆ ಅಲುಗಿದರೂ ಬೊಗಳುತ್ತದಲ್ಲ, ಹಾಗೆ. ಇದನ್ನು ‘ನಿಮಗೇನೂ ಇಲ್ಲ, ಎಲ್ಲ ಮನಸ್ಸಿನದು’ ಎಂದು ಚುಟುಕಾಗಿ ಹೇಳಿ ಕಳಿಸುವುದು ವಿವರಣೆಯಲ್ಲ, ಅವಮಾನ.

ದೀರ್ಘಕಾಲದ ಸೊಂಟನೋವಿನ ಬಗ್ಗೆ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿ ತಿಳಿವಳಿಕೆಯನ್ನೂ ವ್ಯಾಯಾಮವನ್ನೂ ಚಿಕಿತ್ಸೆಯ ಪಟ್ಟಿಗೇ ಸೇರಿಸಿದೆ. ವಾಡಿಕೆಯಂತೆ ಬೆಲ್ಟು ಕಟ್ಟಿಸುವುದು, ಸೊಂಟ ಎಳೆದುಹಿಡಿಯುವ ಟ್ರ್ಯಾಕ್ಷನ್ ಕೊಡಿಸುವುದು ಬೇಡ ಎಂದಿದೆ. ಮರುವರ್ಷ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಆಸ್ಟ್ರೇಲಿಯಾದ 701 ಜನರ ಪ್ರಯೋಗದಲ್ಲಿ ನಡಿಗೆ ಮತ್ತು ತಿಳಿವಳಿಕೆ ಪಡೆದವರಿಗೆ ಸೊಂಟನೋವು ಮರುಕಳಿಸಲು ಮಧ್ಯಾಂಕದ ಲೆಕ್ಕದಲ್ಲಿ 208 ದಿನ ಹಿಡಿಯಿತು, ಉಳಿದವರಿಗೆ 112.

ನಮ್ಮಲ್ಲಿ? ನಾಟಿ ಮಾಡುವ ಹೆಂಗಸಿಗೆ ‘ರೆಸ್ಟ್ ತಗೊಳ್ಳಿ’ ಎನ್ನುವುದು ಸುಲಭ. ಅವಳ ಅಂದಿನ ಕೂಲಿ ಕೊಡುವವರು ಯಾರು? ಗದ್ದೆಯ ಕೆಲಸ ಬಿಡದೆ ನಡುನಡುವೆ ಹೇಗೆ ಎದ್ದು ಓಡಾಡಬೇಕು, ನೋವು ಕೆರಳಿದ ದಿನ ಎಷ್ಟು ಕೆಲಸ ತಗ್ಗಿಸಬೇಕು ಎಂದು ಅವಳ ಕನ್ನಡದಲ್ಲೇ ಹೇಳಲು ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯಾಧಿಕಾರಿ ಸಾಕು, ತರಬೇತಿ ಕೊಟ್ಟರೆ. ಆಶಾ ಕಾರ್ಯಕರ್ತೆಯರಿಗೂ ಇದು ಒಗ್ಗುತ್ತದೆ. ಹೊಸ ಕೆಲಸ ಹೊರಿಸಿ ಗೌರವಧನ ಮರೆಯುವ ಹಳೆ ಚಾಳಿ ಮಾತ್ರ ಬೇಡ.

ಒಂದು ಎಚ್ಚರ: ಸೊಂಟನೋವಿನ ಜತೆ ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿ ಜೋಮು ಹಿಡಿದರೆ, ಕಾಲಿನ ಬಲ ಕುಂದಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಆಗಲೂ ತಡಮಾಡಬೇಡಿ. ಇವೇನೂ ಇಲ್ಲ ಎಂದು ವೈದ್ಯರು ನೋಡಿ ಹೇಳಿದ ಮೇಲೆ ಹಾಸಿಗೆ ಹಿಡಿಯಬೇಡಿ, ಸ್ವಲ್ಪ ಸ್ವಲ್ಪವೇ ನಡೆಯಲು ಶುರುಮಾಡಿ.