ಸವೆದ ಬ್ರೇಕನ್ನು ಬದಲಿಸುವ ಹೊತ್ತು

ಸುಗ್ಗಿಯ ದಿನಗಳಲ್ಲಿ ಅಥಣಿ, ರಾಯಬಾಗ, ಚಿಕ್ಕೋಡಿಗಳ ರಸ್ತೆಯಲ್ಲಿ ಕಾರು ನಡೆಸಿದವರಿಗೆ ಕಬ್ಬಿನ ಟ್ರ್ಯಾಕ್ಟರಿನ ಪರಿಚಯವನ್ನು ನಾವು ಮಾಡಿಕೊಡಬೇಕಾದುದಿಲ್ಲ. ಕಾಗವಾಡ ತಾಲ್ಲೂಕಿನ ಉಗಾರದಲ್ಲಿ 1939ರಲ್ಲಿ ಸ್ಥಾಪಿತವಾದ ಸಕ್ಕರೆಯ ಉದ್ಯಮವನ್ನು ಮೊದಲುಮಾಡಿ ಈ ಸೀಮೆಯಲ್ಲಿ ಇಂದು ಕಾರ್ಖಾನೆಗಳು ಹಲವು. ಅವುಗಳಿಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಹಿಂದೆ ಟ್ರೇಲರುಗಳು ಎರಡು; ಬ್ರೇಕಾದರೋ ಸಾಮಾನ್ಯವಾಗಿ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳಿಗೆ ಮಾತ್ರ. ಏರಿನಲ್ಲಿ ಎಳೆಸಿಕೊಂಡ ಭಾರವೇ ಇಳಿಜಾರಿನಲ್ಲಿ ಹಿಂದಿನಿಂದ ನೂಕತೊಡಗುತ್ತದೆ.

ಟ್ರ್ಯಾಕ್ಟರಿನಲ್ಲಿ ಎಡಬಲಗಳಿಗೆ ಬೇರೆ ಬೇರೆ ಬ್ರೇಕು ಪೆಡಲುಗಳುಂಟು. ಹೊಲದ ಅಂಚಿನಲ್ಲಿ ಥಟ್ಟನೆ ತಿರುಗಲು ಇದು ಅನುಕೂಲ. ರಸ್ತೆಗೆ ಬಂದೊಡನೆ ಅವೆರಡನ್ನೂ ಕೊಂಡಿಯಿಂದ ಜೋಡಿಸಲೇಬೇಕು. ಜೋಡಿಸಿದರೂ ಒಂದು ಕಡೆಯ ಲೈನರು ಹೆಚ್ಚು ಸವೆದಿದ್ದರೆ ಗಾಡಿಯು ಪಕ್ಕಕ್ಕೆ ಎಳೆಯುತ್ತದೆ. ಟ್ರೇಲರು ಅಡ್ಡ ತಿರುಗಲು ಅಷ್ಟು ಸಾಕು.

ಬ್ರೇಕು ಮಾಡುವ ಕೆಲಸವೇನು? ವೇಗವನ್ನು ಶಾಖವಾಗಿ ಮಾರ್ಪಡಿಸುವುದು. 1200 ಕಿಲೋಗ್ರಾಂ ತೂಗುವ ಕಾರು ಗಂಟೆಗೆ 72 ಕಿಲೋಮೀಟರು ವೇಗದಿಂದ ಬಂದು ನಿಂತಾಗ ಹುಟ್ಟುವ ಶಾಖದಿಂದ ಸುಮಾರು ಮುಕ್ಕಾಲು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ವೇಗ ಇಮ್ಮಡಿಯಾದರೆ ಶಾಖ ನಾಲ್ಮಡಿ. ನಿಪ್ಪಾಣಿಯಿಂದ ಸಂಕೇಶ್ವರದ ಹಾದಿಯಲ್ಲಿರುವ ತವಂದಿ ಘಾಟಿನಂತಹ ಇಳಿಜಾರಿನಲ್ಲಿ ಪೆಡಲನ್ನು ಒತ್ತಿಯೇ ಇಟ್ಟರೆ ಬ್ರೇಕು ಕಾದು ಹಿಡಿತ ಕುಂದುತ್ತದೆ. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನು ತಾನೇ ವೇಗವನ್ನು ತಡೆಯುವುದು. ಡೀಸೆಲು ಉಳಿಯಿತೆಂದು ನ್ಯೂಟ್ರಲಿನಲ್ಲಿ ಇಳಿಯುವವರ ಲೆಕ್ಕಾಚಾರವು ನಮಗೆ ಇದುವರೆಗೂ ಅರ್ಥವಾಗಿಲ್ಲ.

ಕಾರಿನ ಹಲವು ಪ್ಯಾಡುಗಳಲ್ಲಿ ಒಂದು ತಗಡಿನ ನಾಲಗೆಯಿರುತ್ತದೆ. ಪ್ಯಾಡು ಸವೆದಾಗ ಅದು ಡಿಸ್ಕಿಗೆ ತಾಗಿ ಕೀಚೆನ್ನುತ್ತದೆ. ನಾವೂ ಒಮ್ಮೆ ಆ ಸದ್ದನ್ನು ಧೂಳಿನದೆಂದು ತಿಳಿದು ಅಲಕ್ಷಿಸಿದೆವು. ಕೀಚು ಸದ್ದು ಗರಗರವಾಯಿತು. ಕೊನೆಗೆ ಪ್ಯಾಡಿನೊಡನೆ ಗೀರುಬಿದ್ದ ಡಿಸ್ಕಿನ ಬೆಲೆಯನ್ನೂ ತೆತ್ತೆವು. ಪ್ಯಾಡಿನ ದಪ್ಪವು 3 ಮಿಲಿಮೀಟರಿಗೆ ಇಳಿದಾಗಲೇ ಬದಲಿಸುವುದು ಉಚಿತ. ಡ್ರಮ್ಮಿನ ಬ್ರೇಕಾದರೆ ಲೈನರಿನ ರಿವೆಟ್ಟುಗಳು ಡ್ರಮ್ಮಿಗೆ ತಾಗುವ ಮೊದಲೇ ಆಗಬೇಕು. ಪೆಡಲು ಮೆತ್ತಗಾದರೆ ದೋಷವು ಬ್ರೇಕು ಆಯಿಲಿನಲ್ಲಿಯೂ ಇರಬಹುದು: ಅದು ಗಾಳಿಯ ತೇವವನ್ನು ಹೀರುವಂಥದು, ಎರಡು ವರ್ಷಕ್ಕೊಮ್ಮೆ ಬದಲಿಸತಕ್ಕದ್ದು.

ಎಡಬಲಗಳೆರಡನ್ನೂ ಕೂಡಿಯೇ ಬದಲಿಸಬೇಕು. ಗಾಡಿಯನ್ನು ಜಾಕಿನ ಮೇಲೆ ಮಾತ್ರ ನಂಬಿ ನಿಲ್ಲಿಸದೆ ಗಟ್ಟಿಯಾದ ಆಧಾರ ಕೊಡಬೇಕು. ಹಳೆಯ ಲೈನರಿನ ಪುಡಿಯನ್ನು ಬಾಯಿಂದ ಊದುವ ಅಭ್ಯಾಸವು ಕೆಟ್ಟದು. ಅದರಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರಬಹುದು. ಒದ್ದೆಬಟ್ಟೆಯಿಂದ ಒರೆಸುವುದು ಮೇಲು.

ಹೊಸ ಪ್ಯಾಡು ಕೂರಿಸಿದ ಬಳಿಕ ಮೊದಲ ಒತ್ತಿಗೆ ಪೆಡಲು ತಳದವರೆಗೂ ಇಳಿದೀತು. ಗಾಡಿ ನಿಂತಿರುವಾಗಲೇ ನಾಲ್ಕಾರು ಬಾರಿ ಒತ್ತಿ, ಅದು ಗಟ್ಟಿಯಾದುದನ್ನು ಕಂಡೇ ಹೊರಡಬೇಕು. ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುವವರೆಗೆ, ಮೊದಲ ಕೆಲವು ದಿನ, ಹಗುರವಾಗಿ ಬ್ರೇಕು ಹಾಕುತ್ತ ಊರೊಳಗೇ ಓಡಿಸುವುದು ಒಳ್ಳೆಯದು. ತವಂದಿ ಘಾಟು ಆಮೇಲಾಗಲಿ.