ನಿಮಗಿದು ಗೊತ್ತೇ? ತ್ರೆಡ್ ಕೆಡುವುದು ಟ್ಯಾಪಿನಿಂದಲ್ಲ, ತೂತಿನಿಂದ

ಮನೆಯಲ್ಲೇ ಕಬ್ಬಿಣಕ್ಕೋ ಅಲ್ಯುಮಿನಿಯಂಗೋ ತ್ರೆಡ್ ಹೊಡೆಯಲು ಹೊರಟವರ ಕಣ್ಣಿಗೆ ಅಂಗಡಿಯಲ್ಲಿ ಮೊದಲು ಬೀಳುವುದು ಹತ್ತಾರು ಪೀಸುಗಳ ಟ್ಯಾಪ್-ಡೈ ಪೆಟ್ಟಿಗೆ (ತೂತಿನೊಳಗೆ ತ್ರೆಡ್ ಕೊರೆಯುವುದು ಟ್ಯಾಪ್, ಸರಳಿನ ಮೇಲೆ ಕೊರೆಯುವುದು ಡೈ). ಅದನ್ನು ಕೊಳ್ಳಬೇಡಿ. ಮನೆಗೆಲಸಕ್ಕೆ ಪದೇ ಪದೇ ಬೇಕಾಗುವುದು ಎಂ4, ಎಂ5, ಎಂ6, ಎಂ8 ಅಷ್ಟೇ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಂಥ ಕಡೆ ಇವು ಬಿಡಿಯಾಗಿಯೂ ಸಿಗುತ್ತವೆ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಎಂದು ಕೆತ್ತಿರುವುದನ್ನೇ ಕೇಳಿ. ಒಂದೊಂದರ ಜೊತೆ ಅದರದೇ ಡ್ರಿಲ್ ಬಿಟ್ಟನ್ನೂ ಮರೆಯದೆ ತನ್ನಿ.

ಆ ಬಿಟ್ಟಿನ ಅಳತೆ ತಿಳಿಯಲು ಪಟ್ಟಿ ಬೇಡ. ಬೋಲ್ಟಿನ ವ್ಯಾಸದಿಂದ (ಎಂ6 ಎಂದರೆ 6 ಮಿ.ಮೀ.) ಪಿಚ್, ಅಂದರೆ ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ಅಂತರ, ಕಳೆದರೆ ಸಾಕು. ಎಂ6ರ ಪಿಚ್ 1 ಮಿ.ಮೀ., ತೂತು 5. ಎಂ8ರ ಪಿಚ್ 1.25, ತೂತು ಸುಮಾರು 6.8. ಎಂ5ಕ್ಕೆ 4.2, ಎಂ4ಕ್ಕೆ 3.3. ಈ ಲೆಕ್ಕದಲ್ಲಿ ಹೊಡೆದ ತ್ರೆಡ್‌ನ ಆಳ ಪೂರ್ತಿ ಆಳದ ಶೇ. 77ರಷ್ಟು ಬರುತ್ತದೆ, ಮತ್ತು ಅಷ್ಟು ಧಾರಾಳವಾಗಿ ಸಾಕು. 'ಬಿಗಿಯಾಗಿರಲಿ' ಎಂದು ತೂತನ್ನು ಚಿಕ್ಕದು ಮಾಡುವವರೇ ಹೆಚ್ಚು ಟ್ಯಾಪ್ ಮುರಿಯುತ್ತಾರೆ. ಸ್ಟೇನ್‌ಲೆಸ್ ಸ್ಟೀಲಿನಂಥ ಹಟಮಾರಿ ಲೋಹದಲ್ಲಿ ಎಂ6ಕ್ಕೆ 5.1 ಬಿಟ್ ಹಾಕಿ ನೋಡಿ. ಒಂದೇ ಪಾಯಿಂಟ್ ದೊಡ್ಡದಾದರೂ ಕೈಗೆ ಎಷ್ಟು ಹಗುರವೆಂದು ಗೊತ್ತಾಗುತ್ತದೆ.

ಮೂರು ಟ್ಯಾಪುಗಳ ಸೆಟ್ಟಿನಲ್ಲಿ ಮೂರೂ ಒಂದೇ ಅಳತೆಯವು ಎಂದುಕೊಳ್ಳಬೇಡಿ. ಕೆಲವು ಸೆಟ್ಟುಗಳಲ್ಲಿ ಹಿಡಿಯ ಹತ್ತಿರ ಒಂದು ಗೆರೆ ಇರುವುದು ಮೊದಲಿನದು, ಎರಡು ಗೆರೆ ಇದ್ದರೆ ಎರಡನೆಯದು, ಗೆರೆಯೇ ಇಲ್ಲದ್ದು ಕೊನೆಯದು. ಪೂರ್ತಿ ಅಳತೆ ಕೊನೆಯದರದ್ದು ಮಾತ್ರ. ಮೊದಲಿನದನ್ನಷ್ಟೇ ಓಡಿಸಿ ಬೋಲ್ಟ್ ಹೋಗುತ್ತಿಲ್ಲವೆಂದು ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲುವ ಮೊದಲು ಗೆರೆ ಎಣಿಸಿ.

ಅರ್ಧ ಇಂಚಿನ ನಲ್ಲಿ ತ್ರೆಡ್ ಅರ್ಧ ಇಂಚಿನದಲ್ಲ! ಅದರ ಹೊರ ವ್ಯಾಸ ಸುಮಾರು 21 ಮಿ.ಮೀ., ಇಂಚಿಗೆ 14 ಸುತ್ತು. ಅರ್ಧ ಇಂಚಿನ ಬೋಲ್ಟ್ ಟ್ಯಾಪ್ ಇಲ್ಲಿ ಯಾವ ಉಪಯೋಗಕ್ಕೂ ಬಾರದು.

ಅರ್ಧ ಇಂಚಿನ ಬೋಲ್ಟಿನಲ್ಲೂ ಎರಡು ಜಾತಿ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ರೂಪಿಸಿದ ಪದ್ಧತಿಯಲ್ಲಿ ಇಂಚಿಗೆ 12 ಸುತ್ತು, ಹಲ್ಲಿನ ಕೋನ 55 ಡಿಗ್ರಿ. ಅಮೆರಿಕದ ಯುಎನ್‌ಸಿಯಲ್ಲಿ 13 ಸುತ್ತು, 60 ಡಿಗ್ರಿ. ಹಳೇ ಯಂತ್ರ ರಿಪೇರಿಗೆ ಕೂತವರು ಟ್ಯಾಪ್ ಕೊಳ್ಳುವ ಮುಂಚೆ ಪಿಚ್ ಗೇಜ್ ಇಟ್ಟು ನೋಡಲೇಬೇಕು. ಬೆಲೆ ಅಲ್ಪ, ಉಪಕಾರ ದೊಡ್ಡದು.

ಕ್ಯಾಮೆರಾ ಟ್ರೈಪಾಡಿನ ಸ್ಕ್ರೂ ನೋಡಲು ಎಂ6ರಂತಿದ್ದರೂ ಕಾಲು ಇಂಚಿನದು, ಇಂಚಿಗೆ 20 ಸುತ್ತು. ಟ್ರೈಪಾಡಿಗೆ ನೀವೇ ಪ್ಲೇಟ್ ಮಾಡಿಕೊಳ್ಳುವುದಾದರೆ 5.1 ಬಿಟ್ ಮತ್ತು ಕಾಲು ಇಂಚಿನ ಯುಎನ್‌ಸಿ ಟ್ಯಾಪ್ ಬೇಕು.

ಆರು ಮೂಲೆಯ ಡೈ ನಟ್ ಇರುವುದು ಹೊಸ ತ್ರೆಡ್ ಹೊಡೆಯಲಿಕ್ಕಲ್ಲ. ಪೆಟ್ಟು ಬಿದ್ದ, ತುಕ್ಕು ಹಿಡಿದ ಹಳೆಯ ತ್ರೆಡ್ ಸರಿಪಡಿಸಲಿಕ್ಕೆ. ಹೊಸದಕ್ಕೆ ಒಂದು ಕಡೆ ಸೀಳಿರುವ ದುಂಡು ಡೈ ತೆಗೆದುಕೊಳ್ಳಿ. ಅದರ ಹ್ಯಾಂಡಲಿನ ನಡುವಿನ ಸ್ಕ್ರೂ ಬಿಗಿದರೆ ಡೈ ತುಸು ಅಗಲವಾಗುತ್ತದೆ, ಪಕ್ಕದವನ್ನು ಬಿಗಿದರೆ ಕಿರಿದಾಗುತ್ತದೆ. ಮೊದಲ ಸಲ ಅಗಲಿಸಿ, ಎರಡನೆಯ ಸಲ ಕಿರಿದು ಮಾಡಿ ಓಡಿಸಿದರೆ ನಟ್ ಎಷ್ಟು ಬಿಗಿಯಾಗಿ ಕೂರಬೇಕೆಂಬುದು ನಿಮ್ಮ ಕೈಯಲ್ಲೇ ಇರುತ್ತದೆ.

ತ್ರೆಡ್ ಹೊಡೆಯುವಾಗ ಉಕ್ಕಿಗೆ ಕಟಿಂಗ್ ಆಯಿಲ್ ಹಾಕಿ, ಅಲ್ಯುಮಿನಿಯಂಗೆ ಸೀಮೆಎಣ್ಣೆ. ಬೀಡುಕಬ್ಬಿಣಕ್ಕೆ ಮಾತ್ರ ಏನೂ ಬೇಡ, ಅದರೊಳಗಿನ ಗ್ರಾಫೈಟೇ ಎಣ್ಣೆಯ ಕೆಲಸ ಮಾಡುತ್ತದೆ.

ಟ್ಯಾಪ್ ನೆಟ್ಟಗೆ ಇಳಿಯಲು ಸುಲಭದ ದಾರಿಯಿದೆ. ಡ್ರಿಲ್ ಸ್ಟ್ಯಾಂಡಿನಲ್ಲಿ ತೂತು ಕೊರೆದ ಮೇಲೆ ಕೆಲಸವನ್ನು ಕದಲಿಸದೆ, ಪ್ಲಗ್ ಕಿತ್ತು, ಚಕ್‌ಗೆ ಬಿಟ್ಟಿನ ಬದಲು ಟ್ಯಾಪ್ ಸಿಕ್ಕಿಸಿ. ಚಕ್ಕನ್ನು ಕೈಯಿಂದಲೇ ಎರಡು ಮೂರು ಸುತ್ತು ತಿರುಗಿಸಿ. ಮುಂದಿನದನ್ನು ಹ್ಯಾಂಡಲಿನಿಂದ ಮಾಡಿ: ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸುವಾಗ 'ಟಕ್' ಎಂದು ಬೆರಳಿಗೆ ತಾಕುತ್ತದಲ್ಲ, ಅದು ಲೋಹದ ಸುರುಳಿ ತುಂಡಾದ ಗುರುತು. ಎಂ6 ಮತ್ತು ಅದಕ್ಕಿಂತ ಸಣ್ಣದಕ್ಕೆ ಚಿಕ್ಕ 'ಟಿ' ಹ್ಯಾಂಡಲ್ಲೇ ಸರಿ. ಉದ್ದನೆಯದರಲ್ಲಿ ಎಷ್ಟು ಬಲ ಬೀಳುತ್ತಿದೆ ಎಂಬುದೇ ಕೈಗೆ ತಿಳಿಯುವುದಿಲ್ಲ.

ಅಷ್ಟಾದರೂ ಟ್ಯಾಪ್ ಮುರಿದು ಒಳಗೇ ಉಳಿಯಿತೇ? ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯದು. ಕೆಲಸ ಅಲ್ಯುಮಿನಿಯಂ ಅಥವಾ ಹಿತ್ತಾಳೆಯದಾದರೆ, ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುವ ಪಟಿಕವನ್ನು ಬಿಸಿ ನೀರಿನಲ್ಲಿ ಗಟ್ಟಿಯಾಗಿ ಕರಗಿಸಿ, ಗಾಜಿನ ಪಾತ್ರೆಯಲ್ಲಿ ಅದರೊಳಗೆ ಮುಳುಗಿಸಿಡಿ. ನೀರು ಬಿಸಿಯಾಗೇ ಇರಬೇಕು, ಕಿಟಕಿ ತೆರೆದಿರಬೇಕು. ಕಾರ್ಬನ್ ಸ್ಟೀಲಿನ ಟ್ಯಾಪ್ ಗಂಟೆಗಟ್ಟಲೆ ಗುಳ್ಳೆ ಬಿಡುತ್ತಾ ಕಪ್ಪು ಪುಡಿಯಾಗಿ ಕರಗುತ್ತದೆ, ಸುತ್ತಲಿನ ಹಿತ್ತಾಳೆಗೆ ಏನೂ ಆಗುವುದಿಲ್ಲ. ಗಡಿಯಾರ ರಿಪೇರಿಯವರು ಮುರಿದ ಸ್ಕ್ರೂ ತೆಗೆಯುವುದು ಹೀಗೆಯೇ. ಕಬ್ಬಿಣದ ಕೆಲಸಕ್ಕೆ ಇದು ಸಲ್ಲದು, ಅದೂ ಕರಗುತ್ತದೆ.

ಸೈಕಲ್ಲಿನ ಎಡ ಪೆಡಲ್ ಮತ್ತು ಟೇಬಲ್ ಫ್ಯಾನಿನ ರೆಕ್ಕೆ ಹಿಡಿದಿಡುವ ನಟ್ ಉಲ್ಟಾ ತ್ರೆಡ್‌ನವು. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತವೆ. ಅಂಥ ತ್ರೆಡ್ ಸರಿಪಡಿಸಲು ಕೊಳ್ಳುವ ಟ್ಯಾಪ್ ಅಥವಾ ಡೈ ಮೇಲೆ 'ಎಲ್‌ಎಚ್' ಎಂಬ ಗುರುತು ಇರಬೇಕು.