ಬಿದ್ದ ಮಗು ಅಳಲಿಲ್ಲ ಎಂದರೆ ಪೆಟ್ಟಾಗಿಲ್ಲ ಎಂದಲ್ಲ



"ನಮ್ಮ ಹುಡುಗ ಗಟ್ಟಿ, ಬಿದ್ದರೂ ಅಳೋದೇ ಇಲ್ಲ" ಎಂದು ಅಜ್ಜಿ ಹೆಮ್ಮೆಯಿಂದ ಹೇಳುವುದನ್ನು ನೀವೂ ಕೇಳಿರುತ್ತೀರಿ. ಮಗುವಿಗೆ ಆಟಿಸಂ ಇದ್ದರೆ ಇದನ್ನು ಹೆಮ್ಮೆಯ ಮಾತು ಅಂದುಕೊಳ್ಳಬೇಡಿ. ಆಟಿಸಂ ಇರುವ ಮಕ್ಕಳಿಗೆ ನೋವು ಅಷ್ಟಾಗಿ ತಿಳಿಯುವುದಿಲ್ಲ ಎಂದು ಹಿಂದೆ ವೈದ್ಯರಲ್ಲೂ ಅನೇಕರು ನಂಬಿದ್ದರು. ಅದು ಸರಿಯಲ್ಲ. ನೋವಾಗುತ್ತದೆ, ತೋರಿಸುವ ರೀತಿ ಬೇರೆ. ಅಂಗಿಯ ಲೇಬಲ್ ಚುಚ್ಚಿದರೆ ಬೀದಿಗೆಲ್ಲ ಕೇಳುವಂತೆ ಕಿರುಚುವ ಮಗು, ಕೈಮೂಳೆ ಬಿರುಕು ಬಿಟ್ಟಾಗ ಆಟದ ಕಾರಿನ ಚಕ್ರ ತಿರುಗಿಸುತ್ತಾ ಸುಮ್ಮನೆ ಕೂತಿರಬಹುದು.

ಹಾಗಾದರೆ ನಮಗೆ ಗೊತ್ತಾಗುವುದು ಹೇಗೆ? ದಿನವೂ ಮಾಡುವುದರಲ್ಲಿ ಏನು ಬದಲಾಯಿತು ಎಂದು ನೋಡಿ. ಬಲಗೈಯಲ್ಲಿ ತಿನ್ನುವವನು ಎಡಗೈ ಚಾಚುತ್ತಿದ್ದಾನೆಯೇ? ಜಿಗಿಯುತ್ತಿದ್ದವಳು ಇವತ್ತು ಜಿಗಿಯಲಿಲ್ಲವೇ? ಬಿದ್ದದ್ದು ಗೊತ್ತಿದ್ದರೆ, ಅಳಲಿ ಬಿಡಲಿ, ಬಟ್ಟೆ ತೆಗೆದು ಒಳ್ಳೆಯ ಬೆಳಕಿನಲ್ಲಿ ತಲೆಯಿಂದ ಪಾದದವರೆಗೆ ಎಡ-ಬಲ ಹೋಲಿಸಿ ನೋಡಿ. ತಲೆ ಗೋಡೆಗೆ ಬಡಿದುಕೊಳ್ಳುವುದು, ಕಿವಿಗೆ ಹೊಡೆದುಕೊಳ್ಳುವುದು ಇದ್ದಕ್ಕಿದ್ದಂತೆ ಹೆಚ್ಚಾದರೆ "ಹಟ" ಎಂದು ತಳ್ಳಿಹಾಕುವ ಮೊದಲು ಕಿವಿ, ಹಲ್ಲು, ಗಂಟಲು ತೋರಿಸಿ.

ನಗರದ ರಸ್ತೆಯಲ್ಲಿ ಓಡುವ ಮಗುವನ್ನು ಸಾಕುವವರಿಗೆ ಒಂದು ಪೆಟ್ಟು ವಿಶೇಷವಾಗಿ ಗೊತ್ತಿರಬೇಕು. ಟ್ರಾಫಿಕ್ಕಿನ ನಡುವೆ ಮಗು ಕೈ ಬಿಡಿಸಿಕೊಂಡು ಓಡುತ್ತದೆ, ನೀವು ಮುಂಗೈ ಹಿಡಿದು ಜೋರಾಗಿ ಎಳೆಯುತ್ತೀರಿ. ಎಳೆಯದೆ ಇರಲಾಗುತ್ತದೆಯೇ! ಐದು ವರ್ಷದೊಳಗಿನ ಮಕ್ಕಳಲ್ಲಿ ಹೀಗೆ ಎಳೆದಾಗ ಮೊಣಕೈಯ ಮೂಳೆ ತುಸು ಜಾರಬಹುದು. ಊತ ಇರುವುದಿಲ್ಲ, ಬಣ್ಣವೂ ಬದಲಾಗುವುದಿಲ್ಲ. ಮಗು ಆ ಕೈಯನ್ನು ಸ್ವಲ್ಪ ಮಡಿಸಿ ಮೈಗೆ ಒತ್ತಿಕೊಂಡು, ಬಳಸದೆ ಇರುತ್ತದೆ, ಅಷ್ಟೇ. ಮಾತಾಡದ ಮಗುವಿನಲ್ಲಿ ಇದು ಎರಡು ದಿನ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ವೈದ್ಯರು ಸಾಮಾನ್ಯವಾಗಿ ಕ್ಷಣದಲ್ಲಿ ಕೂರಿಸುತ್ತಾರೆ. ಮನೆಯಲ್ಲಿ ನೀವೇ ತಿರುವಲು ಹೋಗಬೇಡಿ, ಅದು ಮೂಳೆ ಮುರಿತವೂ ಆಗಿರಬಹುದು. ದಿನವೂ ಓಡುವ ಮಗುವಾದರೆ ಮುಂಗೈಗಿಂತ ತೋಳಿನ ಮೇಲ್ಭಾಗ ಹಿಡಿಯುವ ಅಭ್ಯಾಸ ಒಳ್ಳೆಯದು.

ತಲೆಗೆ ಪೆಟ್ಟಾದಾಗ ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಮೂಗು-ಕಿವಿಯಿಂದ ರಕ್ತ ಅಥವಾ ತಿಳಿನೀರು, ಓಲಾಡುವ ನಡಿಗೆ ಕಂಡರೆ ತಡಮಾಡಬೇಡಿ. ದೇಶದ ಯಾವ ಊರಿನಲ್ಲಿದ್ದರೂ 112ಕ್ಕೆ ಕರೆ ಮಾಡಬಹುದು. 5 ಅಡಿಗಿಂತ ಎತ್ತರದಿಂದ, ಎರಡು ವರ್ಷದೊಳಗಿನ ಮಗುವಾದರೆ 3 ಅಡಿಗಿಂತ ಎತ್ತರದಿಂದ ಬಿದ್ದಿದ್ದರೆ, ಲಕ್ಷಣ ಇಲ್ಲದಿದ್ದರೂ ತೋರಿಸಿಬಿಡಿ. ಸುಟ್ಟ ಗಾಯಕ್ಕೆ 20 ನಿಮಿಷ ನಲ್ಲಿಯ ತಣ್ಣೀರು. ಟೂತ್‌ಪೇಸ್ಟ್, ಅರಿಶಿನ, ಐಸ್ ಯಾವುದೂ ಬೇಡ.

ಇನ್ನು ಆಸ್ಪತ್ರೆ. ಪೆಟ್ಟಾದ ಮಗುವಿನ ಎಚ್ಚರ ಪರೀಕ್ಷಿಸಲು ವೈದ್ಯರು ಹೆಸರು ಕೂಗುತ್ತಾರೆ, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದೆಯೇ ಎಂದು ಗಮನಿಸುತ್ತಾರೆ. ನಿಮ್ಮ ಮಗು ಆರೋಗ್ಯವಾಗಿದ್ದಾಗಲೂ ಹೆಸರಿಗೆ ತಿರುಗದಿರಬಹುದು. ಅದನ್ನು ನೀವು ಹೇಳದಿದ್ದರೆ ಬೇಡದ ಸ್ಕ್ಯಾನ್ ಆದೀತು. "ಆಟಿಸಂ ಅಲ್ವಾ, ಹಾಗೇ ಇರುತ್ತೆ" ಎಂದು ನಿಜವಾದ ಮಂಪರು ತಪ್ಪಿಹೋದೀತು. ಈ ಎರಡನೆಯದೇ ಹೆಚ್ಚು ಅಪಾಯ. ಆದ್ದರಿಂದ ಸ್ಪಷ್ಟವಾಗಿ ಹೇಳಿ: "ಹೆಸರಿಗೆ ಎಂದೂ ತಿರುಗಲ್ಲ, ಆದರೆ ಬಿಸ್ಕತ್ತಿನ ಕವರ್ ಸದ್ದಿಗೆ ಓಡಿಬರುತ್ತಾನೆ. ಇವತ್ತು ಬರಲಿಲ್ಲ."

ಭಾಷೆಯದೂ ಒಂದು ತೊಡಕು. ಮುಂಬೈಯಲ್ಲಿ ನರ್ಸ್ "ಝಾಲಂ, ಝಾಲಂ" ಎನ್ನುತ್ತಾರೆ, ದೆಹಲಿಯಲ್ಲಿ "ಹೋ ಗಯಾ". ಮಗುವಿಗೆ ತಿಳಿಯುವುದು ಅಮ್ಮನ "ಆಯ್ತು, ಮುಗೀತು" ಮಾತ್ರ. ನೀವು ಪಕ್ಕದಲ್ಲೇ ಇರಲು ಅನುಮತಿ ಕೇಳಿ. (ಆಟಿಸಂ ಇದೆ ಎಂದು ಮನೆಯಲ್ಲಿ ಕನ್ನಡ ಬಿಡಿಸುವವರಿದ್ದಾರೆ. ಎರಡು ಭಾಷೆಯಿಂದ ಈ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎಂಬುದಕ್ಕೆ ಆಧಾರವಿಲ್ಲ.)

ಮಾತು ಬಾರದ ಮಕ್ಕಳ ನೋವು ಅಳೆಯಲು ವೈದ್ಯರ ಬಳಿ ಫ್ಲ್ಯಾಕ್ ಎಂಬ ಮಾಪನವಿದೆ. ಮುಖ, ಕಾಲು, ಚಟುವಟಿಕೆ, ಅಳು, ಸಮಾಧಾನ ಎಂಬ ಐದಕ್ಕೆ ತಲಾ 2ರಂತೆ ಒಟ್ಟು 10 ಅಂಕ. ಅದರ ಪರಿಷ್ಕೃತ ರೂಪದಲ್ಲಿ ಈ ಮಗು ನೋವಾದಾಗ ಏನು ಮಾಡುತ್ತದೆ ಎಂಬುದನ್ನು ತಂದೆ-ತಾಯಿಯೇ ಸೇರಿಸಬಹುದು. ಬೆರಳು ಕಚ್ಚುವುದು, ವಿಚಿತ್ರವಾಗಿ ನಗುವುದು, ಏನಿದ್ದರೂ ಹೇಳಿ. ಅಳುತ್ತಿಲ್ಲ ಎಂದು ನೋವಿನ ಔಷಧ ಕೊಡದೆ ಬಿಡುವುದು ಬೇಡ.

ನಾಲ್ವರು ಒತ್ತಿ ಹಿಡಿದು ಹೊಲಿಗೆ ಹಾಕಿಸಿಕೊಂಡ ಮಗು ಮುಂದಿನ ಸಲ ಆಸ್ಪತ್ರೆಯ ಗೇಟೂ ದಾಟುವುದಿಲ್ಲ. ರಕ್ತಸ್ರಾವದಂಥ ತುರ್ತು ಇಲ್ಲದಿದ್ದರೆ ಬೇರೆ ದಾರಿ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಸೂಜಿ ಚುಚ್ಚುವ ಜಾಗ ಮರಗಟ್ಟಿಸುವ ಕ್ರೀಮ್ ಇದೆ, ಅದಕ್ಕೆ ಸುಮಾರು ಒಂದು ಗಂಟೆ ಬೇಕು. ಚಿಕ್ಕ, ಶುಭ್ರ ಗಾಯಕ್ಕೆ ಕೆಲವೊಮ್ಮೆ ಹೊಲಿಗೆಯ ಬದಲು ಅಂಟು ಸಾಕು. ಮಂಪರು ಬರಿಸಿ ಮಾಡುವುದಾದರೆ ಕೊನೆಯ ಬಾರಿ ತಿಂದ ಹೊತ್ತು ಕೇಳುತ್ತಾರೆ, ನೆನಪಿಟ್ಟಿರಿ. ರಿಸ್ಪೆರಿಡೋನ್ ಅಥವಾ ಫಿಟ್ಸ್ ಮಾತ್ರೆ ನಡೆಯುತ್ತಿದ್ದರೆ ಮೊದಲೇ ಹೇಳಿ. ಪ್ಲಾಸ್ಟರ್ ಬಿಚ್ಚುವ ಗರಗಸದ ಸದ್ದು ಈ ಮಕ್ಕಳಿಗೆ ನೋವಿಗಿಂತ ಭಯ. ಸುತ್ತು ಬಿಚ್ಚಿ ತೆಗೆಯುವಂಥ ಪಟ್ಟಿ ಆದೀತೇ ಎಂದು ಹಾಕುವ ಮುನ್ನವೇ ವಿಚಾರಿಸಿ.

ಖರ್ಚಿನ ವಿಷಯದಲ್ಲಿ, ಕೇಂದ್ರದ ನ್ಯಾಷನಲ್ ಟ್ರಸ್ಟ್ ನಡೆಸುವ ನಿರಾಮಯ ವಿಮೆಯಲ್ಲಿ ಆಟಿಸಂ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. ವಿಮೆಗೆ ಮುಂಚಿನ ವೈದ್ಯಕೀಯ ಪರೀಕ್ಷೆ ಇಲ್ಲ. ಅಂಗವೈಕಲ್ಯ ಪ್ರಮಾಣಪತ್ರ ಬೇಕು.

ಇವತ್ತೇ ಒಂದು ಹಾಳೆ ಬರೆದಿಡಿ: ಮಗುವಿನ ತೂಕ, ರಕ್ತದ ಗುಂಪು, ಔಷಧ, ಅಲರ್ಜಿ, ಕೊನೆಯ ಟಿಟಿ ಅಥವಾ ಡಿಪಿಟಿ ಹಾಕಿಸಿದ ದಿನ, ನೋವಾದಾಗ ಏನು ಮಾಡುತ್ತದೆ, ಯಾವುದರಿಂದ ಸಮಾಧಾನ, ಯಾವುದಕ್ಕೆ ಭಯ. ನೀವಿರುವ ಊರಿನ ಭಾಷೆಯಲ್ಲಿ ನೆರೆಮನೆಯವರಿಂದ ಬರೆಸಿ, ಕೆಳಗೆ ಇಂಗ್ಲಿಷಿನಲ್ಲೂ ಇರಲಿ. ಫೋಟೊ ಗಂಡ-ಹೆಂಡತಿ ಇಬ್ಬರ ಮೊಬೈಲಿನಲ್ಲಿ, ಒಂದು ಪ್ರತಿ ಶಾಲೆಯ ಬ್ಯಾಗಿನಲ್ಲಿ, ಇನ್ನೊಂದು ಮಗುವನ್ನು ನೋಡಿಕೊಳ್ಳುವವರ ಬಳಿ ಇರಲಿ. ಮೂರು ತಿಂಗಳಿಗೊಮ್ಮೆ ತೂಕ ತಿದ್ದಿ. ಮಕ್ಕಳ ಔಷಧವನ್ನು ಹೆಚ್ಚಾಗಿ ತೂಕ ನೋಡಿಯೇ ಕೊಡುವುದು.